ಬಿಳಿ ಸೆರಗು, ತಪ್ಪಿದ ಡೇಟು, ಹನ್ನೊಂದು ದಿನ

ನಿನ್ನೆ ರಾತ್ರಿ ಕೊನೆಯ ಮಾತ್ರೆ ಮುಗಿಯಿತು. ಎರಡು ವಾರದ ಹಿಂದೆ ಇದೇ ಹೊತ್ತಿಗೆ ನಾನು ಹೊದಿಕೆಯೊಳಗೆ ಮೊಬೈಲ್ ಹಿಡಿದು ‘ಬಿಳಿ ಹೋದರೆ ಬಸಿರಾ?’ ಅಂತ ಹುಡುಕುತ್ತಿದ್ದೆ. ಸಿಕ್ಕಿದ ಉತ್ತರಗಳೆಲ್ಲ ಒಂದಕ್ಕೊಂದು ಉಲ್ಟಾ. ಅದೇ ಪ್ರಶ್ನೆ ಇಟ್ಟುಕೊಂಡು ಇವತ್ತೂ ಯಾರೋ ಎದ್ದು ಕೂತಿರುತ್ತಾರೆ ಅಲ್ವಾ? ಅವರಿಗಾಗಿ ಇದು. ಹೆಸರು ಬೇಡ. ಊರು ತುಮಕೂರು, ವಯಸ್ಸು 31, ನಾಲ್ಕು ವರ್ಷದ ಮಗಳಿದ್ದಾಳೆ, ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಇಷ್ಟು ಸಾಕು.

ಶುರುವಾದದ್ದು ಹಲ್ಲಿನಿಂದ. ನಗಬೇಡಿ, ನಿಜ. ಕಳೆದ ತಿಂಗಳು 22ನೇ ತಾರೀಕಿನ ಹೊತ್ತಿಗೆ ದವಡೆ ಹಲ್ಲು ಬಾತು, ಜ್ವರ ಬಂದು, ಮೂರು ರಾತ್ರಿ ನಿದ್ದೆ ಇರಲಿಲ್ಲ. ಡೆಂಟಿಸ್ಟ್ ಐದು ದಿನ ಆಂಟಿಬಯಾಟಿಕ್ ಕೊಟ್ಟರು. ಹಲ್ಲು ಸರಿಹೋಯಿತು, ನಾನು ಮರೆತೂಬಿಟ್ಟೆ. ಈ ತಿಂಗಳು 5ನೇ ತಾರೀಕು ಕೆಳಗೆ ತುರಿಕೆ ಶುರುವಾಯಿತು.

ಬಿಳಿ ಹೋಗುವುದು, ಅಂದರೆ ಬಿಳಿ ಸೆರಗು, ನನಗೆ ಹೊಸದಲ್ಲ. ತಿಂಗಳ ಮಧ್ಯದಲ್ಲಿ ಮೊಟ್ಟೆಯ ಲೋಳೆಯ ಹಾಗೆ ನೂಲು ಬರುವಂತೆ ಇರುತ್ತದೆ, ಉಳಿದ ದಿನ ತೆಳ್ಳಗೆ ಸ್ವಲ್ಪ. ಅದು ಎಲ್ಲ ಹೆಂಗಸರಿಗೂ ಇರುವುದೇ. ಈ ಸಲದ್ದು ಬೇರೆ ಥರ ಇತ್ತು. ಒಡೆದ ಮೊಸರಿನ ಹಾಗೆ ಗಟ್ಟಿ, ಬೆಳ್ಳಗೆ. ವಾಸನೆ ಇಲ್ಲ. ಆದರೆ ಮೂತ್ರಕ್ಕೆ ಹೋದರೆ ಉರಿ, ಕೂತರೆ ನಿಂತರೆ ತುರಿಕೆ. ಆಫೀಸಿನಲ್ಲಿ ಫೀಸ್ ಕಟ್ಟಲು ಬಂದವರ ಮುಂದೆ ಮುಖ ಗಟ್ಟಿ ಮಾಡಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಮೊದಲ ತಪ್ಪು ನನ್ನದೇ. ಬಿಸಿನೀರಿಗೆ ಗಾಯ ತೊಳೆಯುವ ಲಿಕ್ವಿಡ್ ಹಾಕಿ ದಿನಕ್ಕೆ ಎರಡು ಸಲ ತೊಳೆದೆ. ಕೊಳೆ ಇದ್ದರೆ ಹೋಗಲಿ ಅಂತ. ಮೂರನೇ ದಿನಕ್ಕೆ ಚರ್ಮ ಕೆಂಪಾಗಿ ನಡೆಯಲೂ ಆಗಲಿಲ್ಲ. ಆಮೇಲೆ ಡಾಕ್ಟರ್ ಹೇಳಿದರು, ಒಳಗೆ ಹುಳಿ ಗುಣ ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವಂತೆ. ಆಂಟಿಬಯಾಟಿಕ್ ಅವನ್ನು ಮೊದಲೇ ಕೊಂದಿತ್ತು, ಉಳಿದಿದ್ದಕ್ಕೆ ನಾನು ಮಣ್ಣು ಹಾಕಿದ್ದೆ. ಹೊರಗೆ ಬರೀ ನೀರು ಸಾಕು. ಒಳಗೆ ಏನೂ ಬೇಡ, ಸೋಪೂ ಬೇಡ, ಪರಿಮಳದ ವಾಶ್ ಕೂಡ ಬೇಡ.

ನಾನು ಬಚ್ಚಲುಮನೆಗೆ ಪದೇ ಪದೇ ಓಡುವುದು ಅತ್ತೆಯ ಕಣ್ಣಿಗೆ ಬಿತ್ತು. “ಉಷ್ಣ ಕಣಮ್ಮ ಅದು. ಹಲ್ಲಿಗೆ ಅಷ್ಟೊಂದು ಮಾತ್ರೆ ನುಂಗಿದೀಯ, ಮೈ ಕಾದಿದೆ. ಅಕ್ಕಿ ತೊಳೆದ ನೀರಿಗೆ ಕಲ್ಲುಸಕ್ಕರೆ ಹಾಕ್ಕೊಂಡು ಕುಡಿ” ಅಂದರು. ಬೆಳಿಗ್ಗೆ ಮೆಂತ್ಯ ನೆನೆಸಿದ ನೀರು, ಸಂಜೆ ಎಳನೀರು. ಕುಡಿದೆ. ತೊಂದರೆಯೇನೂ ಆಗಲಿಲ್ಲ, ಉಪಯೋಗವೂ ಆಗಲಿಲ್ಲ. ಆದರೆ ಮಾತ್ರೆಗೂ ಇದಕ್ಕೂ ಸಂಬಂಧ ಇದೆ ಅಂತ ಮೊದಲು ಹೇಳಿದ್ದು ಅವರೇ.

12ನೇ ತಾರೀಕು ನನ್ನ ಮುಟ್ಟಿನ ಡೇಟ್. ಬರಲಿಲ್ಲ. 13ಕ್ಕೂ ಇಲ್ಲ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ದೇವರ ಮನೆಗೆ ಹೋಗುವುದಿಲ್ಲ. ನಾನು ದೀಪ ಹಚ್ಚಿ ಹೊರಗೆ ಬಂದಾಗ ಅತ್ತೆ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. “ಇನ್ನೂ ಆಗಿಲ್ವಾ? ಬಿಳೀನೂ ಹೋಗ್ತಿದೆ ಅಂದ್ಯಲ್ಲ” ಅಂದು ಸಣ್ಣಗೆ ನಕ್ಕರು. ಆ ನಗು ನೋಡಿ ನನ್ನ ಎದೆ ಧಸಕ್ಕೆಂದಿತು.

ಕಾರಣ ಇತ್ತು. ಮನೆ ಸಾಲದ ಕಂತು ಶುರುವಾಗಿ ಎಂಟು ತಿಂಗಳು. ಯಜಮಾನರು ದಿನಾ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ಎರಡನೆಯದು ಇನ್ನೆರಡು ವರ್ಷ ಬೇಡ ಅಂತ ಮಾತಾಡಿಕೊಂಡಿದ್ದೆವು. ಕಾಪರ್ ಟಿ ತೆಗೆಸಿದ ಮೇಲೆ ನಿರೋಧ್ ಬಳಸುತ್ತಿದ್ದೆವು. ಪ್ರತಿ ಸಲವೂ ಬಳಸಿದ್ದೇವೆ ಅಂತ ಎದೆ ಮುಟ್ಟಿ ಹೇಳಲಾರೆ.

14ರ ಬೆಳಿಗ್ಗೆ ಬಸಿರಿನ ಸ್ಟ್ರಿಪ್ ಟೆಸ್ಟ್ ಮಾಡಿದೆ. ಹಿಂದಿನ ಸಂಜೆ ನಮ್ಮ ಏರಿಯಾ ಬಿಟ್ಟು ಎರಡು ಸ್ಟಾಪ್ ಆಚೆಯ ಮೆಡಿಕಲ್‌ನಲ್ಲಿ ತಂದಿದ್ದೆ, 55 ರೂಪಾಯಿ. ಮದುವೆಯಾಗಿ ಆರು ವರ್ಷ ಆಗಿದೆ, ಆದರೂ ಕಳ್ಳಿಯ ಹಾಗೆ ಬ್ಯಾಗಿನ ತಳಕ್ಕೆ ತುರುಕಿದೆ. (ಆಶಾ ಕಾರ್ಯಕರ್ತೆಯರ ಹತ್ತಿರ ನಿಶ್ಚಯ್ ಅನ್ನುವ ಕಿಟ್ ಪುಕ್ಕಟೆ ಸಿಗುತ್ತದೆ. ನಮ್ಮ ಬೀದಿಯ ಆಶಾ ಅತ್ತೆಯ ಗೆಳತಿ, ಅದಕ್ಕೇ ಕೇಳಲಿಲ್ಲ.) ಎದ್ದ ಕೂಡಲೇ ಹೋಗುವ ಮೊದಲ ಮೂತ್ರ, ಮೂರು ಹನಿ, ಐದು ನಿಮಿಷ. ‘ಸಿ’ ಪಕ್ಕ ಒಂದೇ ಗೆರೆ. ಬಸಿರಿದ್ದರೆ ಗೆರೆ ಬರಬೇಕಾದ ‘ಟಿ’ ಹತ್ತಿರ ಖಾಲಿ. ಸದ್ಯ ಅಂದುಕೊಂಡು ಸ್ಟ್ರಿಪ್ಪನ್ನು ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟು ಕೆಲಸಕ್ಕೆ ಹೋದೆ.

ಸಂಜೆ ಬಂದು ಇನ್ನೊಂದು ಸಲ ನೋಡಿದೆ. ನೋಡಬಾರದಿತ್ತು. ‘ಟಿ’ ಹತ್ತಿರ ಬೂದು ಬಣ್ಣದ ಸಣ್ಣ ಗೆರೆ! ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಕಿಟಕಿ ಹತ್ತಿರ ಹಿಡಿದೆ, ಟಾರ್ಚ್ ಹಾಕಿದೆ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಮಗಳ ಸಲವೂ ಡೇಟ್ ಆದ ಕೂಡಲೇ ಮಾಡಿದ ಟೆಸ್ಟಿನಲ್ಲಿ ಏನೂ ಬಂದಿರಲಿಲ್ಲ, ಒಂಬತ್ತನೇ ದಿನಕ್ಕೆ ಬಂದಿತ್ತು. ಆ ರಾತ್ರಿಯೇ ನಾನು ಹೊದಿಕೆಯೊಳಗೆ ಮೊಬೈಲ್ ಹಿಡಿದು ಕೂತದ್ದು. ಆ ಬೂದು ಗೆರೆ ನೀರು ಒಣಗಿ ಉಳಿದ ಗುರುತು, ಕಿಟ್ಟಿನ ಚೀಟಿಯಲ್ಲಿ ಬರೆದ ಸಮಯ ದಾಟಿದ ಮೇಲೆ ಕಂಡದ್ದಕ್ಕೆ ಅರ್ಥವಿಲ್ಲ ಅಂತ ತಿಳಿಯಲು ನನಗೆ ಮತ್ತೆ ಒಂದು ದಿನ ಬೇಕಾಯಿತು. ನೀವು ನೋಡಿ ಕೂಡಲೇ ಬಿಸಾಡಿ.

15ರ ರಾತ್ರಿ ಯಜಮಾನರಿಗೆ ಹೇಳಿದೆ. ತುರಿಕೆಯ ವಿಷಯ ಮಾತ್ರ. ಡೇಟಿನ ವಿಷಯ ಬಾಯಿಗೆ ಬರಲಿಲ್ಲ. ಅವರು ಪಾಪ, ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಒಂದು ಮಾತ್ರೆ ತಂದರು. ಫ್ಲುಕೊನಜೋಲ್ 150, ಫಂಗಸ್ ಸೋಂಕಿನ ಮಾತ್ರೆ, ಒಂದೇ ಒಂದು, 25 ರೂಪಾಯಿ. “ಅಂಗಡಿಯವನು ಹೇಳ್ದ, ಇದೊಂದು ನುಂಗಿದ್ರೆ ಸಾಕಂತೆ.” ಯಾರಿಗೆ, ವಯಸ್ಸೆಷ್ಟು, ಬಸುರಿಯಾ ಅಂತ ಅಂಗಡಿಯವನು ಕೇಳಲಿಲ್ಲ. ಇವರೂ ಹೇಳಲಿಲ್ಲ.

ಮಾತ್ರೆ ಅಂಗೈಯಲ್ಲಿತ್ತು, ನೀರಿನ ಲೋಟ ಪಕ್ಕದಲ್ಲಿತ್ತು. ಯಾಕೋ ಮನಸ್ಸು ಬರಲಿಲ್ಲ. ಹಾಸನದಲ್ಲಿ ನರ್ಸ್ ಆಗಿರುವ ತಂಗಿಗೆ ಫೋನ್ ಮಾಡಿದೆ. ಅವಳಿಗೆ ನೈಟ್ ಡ್ಯೂಟಿ. “ಅಕ್ಕ, ನುಂಗಿದ್ಯಾ?” ಅನ್ನುವುದೇ ಮೊದಲ ಪ್ರಶ್ನೆ. ಇಲ್ಲ ಅಂದೆ. “ನುಂಗ್ಬೇಡ. ಬಸಿರಿರಬಹುದು ಅನ್ನೋ ಅನುಮಾನ ಇರೋವಾಗ ಬಾಯಿಗೆ ನುಂಗೋ ಈ ಮಾತ್ರೆ ಬೇಡ, ಅದ್ರಲ್ಲೂ ಮೊದಲ ತಿಂಗಳುಗಳಲ್ಲಿ. ಬೇರೆ ಇದೆ, ಕೆಳಗೆ ಇಟ್ಕೊಳೋದು. ಡಾಕ್ಟರ್ ಕೊಡ್ತಾರೆ.” ಆಮೇಲೆ ನಾನು ಅಳುವುದು ಕೇಳಿಸಿತೇನೋ, ದನಿ ತಗ್ಗಿಸಿದಳು. “ಬಿಳಿ ಹೋಗೋದು ಒಂದು ಕೇಸು, ಮುಟ್ಟು ನಿಂತಿರೋದು ಇನ್ನೊಂದು ಕೇಸು. ಎರಡನ್ನೂ ಒಂದೇ ಫೈಲಿಗೆ ಹಾಕ್ಬೇಡ ಕಣೆ.”

ನನ್ನ ಹನ್ನೊಂದು ದಿನದ ಗಾಬರಿಗೆಲ್ಲ ಕಾರಣ ಆ ಒಂದು ಫೈಲು. ಬಸಿರಾದಾಗ ಬಿಳಿ ಜಾಸ್ತಿ ಹೋಗುವುದು ನಿಜ. ಆದರೆ ಅದು ತೆಳ್ಳಗೆ, ಹಾಲಿನ ಬಣ್ಣದ್ದು, ತುರಿಕೆ ಇರುವುದಿಲ್ಲ. ಮುಟ್ಟು ಹತ್ತಿರ ಬಂದಾಗಲೂ ಹಾಗೇ ಇರಬಹುದು. ಬಣ್ಣ ನೋಡಿ ಬಸಿರು ಹೇಳಲು ಯಾರಿಂದಲೂ ಆಗದು, ಡಾಕ್ಟರಿಂದಲೂ ಆಗದು. ಅದಕ್ಕೆ ಟೆಸ್ಟೇ ಬೇಕು. ಇನ್ನೊಂದು ಮಾತು: ಯಾರಾದರೂ ಈಗಾಗಲೇ ಆ ಮಾತ್ರೆ ನುಂಗಿದ್ದರೆ ಗಾಬರಿಯಾಗಬೇಡಿ. ಒಂದು ಡೋಸ್‌ಗೆ ಎದೆ ಒಡೆದುಕೊಳ್ಳುವುದೇನೂ ಬೇಡ, ಡಾಕ್ಟರಿಗೆ ಮುಚ್ಚಿಡದೆ ಹೇಳಿ ಅಂತ ತಂಗಿ ಹೇಳಿದಳು.

17ಕ್ಕೆ ಇನ್ನೊಂದು ಸ್ಟ್ರಿಪ್. ಒಂದೇ ಗೆರೆ. ಈ ಸಲ ಐದು ನಿಮಿಷಕ್ಕೆ ನೋಡಿ ಕಸಕ್ಕೆ ಹಾಕಿದೆ. ಆದರೂ ಮುಟ್ಟು ಬರಲಿಲ್ಲ.

18, ಸೋಮವಾರ, ಅರ್ಧ ದಿನ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋದೆ. ಎಂಟೂವರೆಗೇ ಸಾಲು ಬಾಗಿಲಾಚೆಗೆ ಬಂದಿತ್ತು. ಚೀಟಿಗೆ ಹತ್ತು ರೂಪಾಯಿ. ಕೌಂಟರಿನಲ್ಲಿ ಆಧಾರ್ ಕೊಟ್ಟೆ. ಆಭಾ (ಆರೋಗ್ಯ ದಾಖಲೆಯ ಗುರುತಿನ) ನಂಬರ್ ಮಾಡಬೇಕು, ಒಟಿಪಿ ಹೇಳಿ ಅಂದರು. ನನ್ನ ಆಧಾರಿಗೆ ಜೋಡಿಸಿರುವುದು ಯಜಮಾನರ ನಂಬರ್. ಅವರು ರೈಲಿನಲ್ಲಿ, ಸಿಗ್ನಲ್ ಹೋಗುವುದು ಬರುವುದು. ಎರಡು ಒಟಿಪಿ ಟೈಮ್ ಮುಗಿದು ಹಾಳಾದವು. ಹಿಂದೆ ನಿಂತವರು ಗೊಣಗತೊಡಗಿದರು. “ಯಾಕೆ ಆಸ್ಪತ್ರೆಗೆ ಹೋಗಿದೀಯಾ, ಏನಾಯ್ತು?” ಅಂತ ಇವರು ಗಾಬರಿಯಿಂದ ಫೋನಿನಲ್ಲಿ ಕೇಳುತ್ತಿದ್ದಾರೆ, ನಾನು “ನಂಬರ್ ಹೇಳ್ರೀ ಮೊದ್ಲು” ಅಂತ ಕಿರುಚುತ್ತಿದ್ದೇನೆ. ನಿಮ್ಮ ಆಧಾರಿಗೆ ನಿಮ್ಮದೇ ನಂಬರ್ ಜೋಡಿಸಿಕೊಳ್ಳಿ. ಇಂಥ ವಿಷಯಕ್ಕಾದರೂ ಬೇಕು.

ಹೆರಿಗೆ ವಿಭಾಗದ ಬೆಂಚಿನ ತುಂಬ ತಾಯಿ ಕಾರ್ಡ್ ಹಿಡಿದ ಬಸುರಿಯರು. ಮೇಜಿನ ಹಿಂದೆ ಕೂತಿದ್ದ ಸಿಸ್ಟರ್ ಅಲ್ಲಿಂದಲೇ ಕೇಳಿದರು, “ಏನು ತೊಂದ್ರೆ? ಬಿಳಿ ಹೋಗ್ತದಾ? ವಾಸನೆ ಉಂಟಾ? ಯಜಮಾನ್ರಿಗೂ ತುರಿಕೆ ಇದೆಯಾ?” ನಲವತ್ತು ಜನ ಒಟ್ಟಿಗೆ ನನ್ನ ಕಡೆ ತಿರುಗಿದ ಹಾಗಾಯಿತು. ನಿಜವಾಗಿ ಯಾರೂ ತಿರುಗಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ, ಇಪ್ಪತ್ತೂ ಆಗಿರಲಿಕ್ಕಿಲ್ಲ, “ನಂಗೂ ಅದೇ ಅಕ್ಕ” ಅಂತ ಪಿಸುಗುಟ್ಟಿದಳು. ಅವಳಿಗೆ ಐದು ತಿಂಗಳು.

ಹನ್ನೊಂದಕ್ಕೆ ಡಾಕ್ಟರಿಗೆ ಹೆರಿಗೆ ಕೋಣೆಯಿಂದ ಕರೆ ಬಂತು. ಸಿಸೇರಿಯನ್. ಹನ್ನೆರಡೂ ಮುಕ್ಕಾಲಾದರೂ ಬರಲಿಲ್ಲ. ತಪ್ಪು ಯಾರದ್ದೂ ಅಲ್ಲ, ಅಲ್ಲಿ ಒಂದು ಜೀವ ಬರುತ್ತಿತ್ತು. ನನ್ನ ಅರ್ಧ ದಿನ ಮುಗಿದಿತ್ತು, ವಾಪಸ್ ಬಂದೆ. ಆಮೇಲೆ ಗೊತ್ತಾದದ್ದು ಹೇಳುತ್ತೇನೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಬೇರೆ ಕೋಣೆ ಇರುತ್ತದೆ. ಇಂಥ ತೊಂದರೆಗಳಿಗೇ ಇರುವುದು, ಪುಕ್ಕಟೆ, ಒಳಗೆ ಕೂರಿಸಿ ಗುಟ್ಟಾಗಿ ಮಾತಾಡುತ್ತಾರೆ. ಬಿಳಿ ಸೆರಗಿಗೆ ಅಲ್ಲಿ ಕೊಡುವುದು ಹಸಿರು ಬಣ್ಣದ ಕಿಟ್. ಅದರಲ್ಲಿಯೂ ಫ್ಲುಕೊನಜೋಲ್ ಇದೆ. ಹಾಗಾಗಿ ಡೇಟ್ ತಪ್ಪಿದ್ದರೆ ಅಲ್ಲೂ ಮೊದಲು ಅದನ್ನೇ ಹೇಳಿ.

19ಕ್ಕೆ ಪ್ರೈವೇಟ್. ಲೇಡಿ ಡಾಕ್ಟರ್, ಫೀಸ್ 400. ಈ ಸಲ ಯಜಮಾನರೂ ರಜೆ ಹಾಕಿ ಬಂದರು. ಹಿಂದಿನ ರಾತ್ರಿ ಎಲ್ಲ ಹೇಳಿಬಿಟ್ಟಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, “ಇದ್ರೆ ಇರ್ಲಿ ಬಿಡು, ಕಂತು ಹೇಗೋ ಕಟ್ಟಿದ್ರಾಯ್ತು” ಅಂದರು. ಆ ಮಾತು ಮೊದಲೇ ಕೇಳಿದ್ದರೆ ಎಷ್ಟು ರಾತ್ರಿ ನಿದ್ದೆ ಬರುತ್ತಿತ್ತೋ.

ಡಾಕ್ಟರ್ ಕೇಳಿದ್ದು ಇವಿಷ್ಟು. ಕೊನೆಯ ಸಲ ಮುಟ್ಟಾದ ಮೊದಲ ದಿನ ಯಾವುದು, ಎಷ್ಟು ದಿನಕ್ಕೊಮ್ಮೆ ಆಗುತ್ತದೆ, ಬಿಳಿಯ ಬಣ್ಣ ವಾಸನೆ ಹೇಗೆ, ಇತ್ತೀಚೆಗೆ ಏನು ಮಾತ್ರೆ ತಗೊಂಡಿರಿ, ಮನೆಯಲ್ಲಿ ಶುಗರ್ ಇದೆಯಾ. ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾಚಿಕೆಯಲ್ಲಿ ಮರೆತುಹೋಗುತ್ತದೆ. ಹಲ್ಲಿನ ಮಾತ್ರೆಯ ವಿಷಯ ನನಗೆ ನೆನಪಾದದ್ದು ಮೂರನೇ ಸಲ ಕೇಳಿದಾಗ. ಅವರು ಪೆನ್ನು ಕೆಳಗಿಟ್ಟು ನಕ್ಕರು. “ನೋಡಿ, ಸಿಕ್ತು.”

ಪರೀಕ್ಷೆಗೆ ಮಲಗಿಸಿ, ಬಾತುಕೋಳಿಯ ಕೊಕ್ಕಿನ ಹಾಗಿರುವ ಉಪಕರಣ ಇಟ್ಟು ನೋಡಿದರು. ನೋವಾಗುತ್ತದೆ ಅಂತ ಹೆದರಿದ್ದೆ. ತಣ್ಣಗಿತ್ತು, ಬಿಗಿ ಅನಿಸಿತು, ಎರಡು ನಿಮಿಷದಲ್ಲಿ ಮುಗಿಯಿತು. ಉಸಿರು ಬಿಟ್ಟು ಮೈ ಸಡಿಲ ಮಾಡಿದರೆ ಸುಲಭ. ಹತ್ತಿಯ ಕಡ್ಡಿಯಲ್ಲಿ ಸ್ವಾಬ್ ತೆಗೆದರು, ಒಂದು ಕಾಗದದ ಪಟ್ಟಿಗೆ ಒತ್ತಿ ಬಣ್ಣ ನೋಡಿದರು. ಪಿಎಚ್ (ಹುಳಿ ಗುಣದ ಅಳತೆ) ನಾಲ್ಕೂವರೆ ಒಳಗಿದೆ, ಇದು ಫಂಗಸ್ ಅಂತ ಕಾಣುತ್ತದೆ ಅಂದರು. ಬೂದು ಬಣ್ಣ, ತೆಳ್ಳಗೆ, ಮೀನಿನ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾದ್ದು. ಹಳದಿ ಹಸಿರು ನೊರೆ ಥರ ಇದ್ದರೆ ಇನ್ನೊಂದು ಸೋಂಕು ಇರಬಹುದು, ಅದಕ್ಕೆ ಗಂಡನಿಗೂ ಔಷಧಿ ಕೊಡಬೇಕಾಗುತ್ತದೆ. ಒಂದರ ಮಾತ್ರೆ ಇನ್ನೊಂದಕ್ಕೆ ನಾಟುವುದಿಲ್ಲ. ಪಕ್ಕದ ಮನೆಯವರಿಗೆ ವಾಸಿಯಾದ ಮಾತ್ರೆ ನಿಮಗೆ ಯಾಕೆ ಆಗಲಿಲ್ಲ ಅಂದರೆ ಇದಕ್ಕೇ.

ಮುಟ್ಟು ತಡವಾದದ್ದಕ್ಕೆ ಅವರ ಲೆಕ್ಕ ಸುಲಭ. ಅಂಡ ಬಿಡುಗಡೆಯಾಗುವ ಹೊತ್ತಿಗೆ ನನಗೆ ಜ್ವರ, ಹಲ್ಲುನೋವು, ನಿದ್ದೆಗೇಡು. ಅದು ಮುಂದೆ ಹೋದರೆ ಮುಟ್ಟೂ ಮುಂದೆ ಹೋಗುತ್ತದೆ. “ಆದ್ರೂ ಊಹೆ ಬೇಡ, ರಕ್ತದಲ್ಲೇ ನೋಡೋಣ” ಅಂದು ಬೀಟಾ ಎಚ್‌ಸಿಜಿ ಅನ್ನುವ ಬಸಿರಿನ ರಕ್ತಪರೀಕ್ಷೆ ಬರೆದರು. ರಿಪೋರ್ಟ್ ಸಂಜೆ ಬರುವುದು. ಅಲ್ಲಿಯವರೆಗೂ ಕಾಯಬೇಕಿಲ್ಲ, ಬಸಿರಿದ್ದರೂ ಇಲ್ಲದಿದ್ದರೂ ಕೊಡಬಹುದಾದ್ದು ಅಂತ ಕ್ಲೋಟ್ರಿಮಜೋಲ್ ಮಾತ್ರೆ ಕೊಟ್ಟರು. ಮಲಗುವಾಗ ಒಳಗೆ ಇಟ್ಟುಕೊಳ್ಳುವುದು, ಆರು ರಾತ್ರಿ. ಬೆಳಿಗ್ಗೆ ಬಿಳಿ ಪುಡಿಯಂತೆ ಹೊರಗೆ ಬರುತ್ತದೆ. ಕಾಯಿಲೆ ಹೆಚ್ಚಾಯಿತು ಅಂತ ಹೆದರಬೇಡಿ, ಪ್ಯಾಡ್ ಇಟ್ಟುಕೊಳ್ಳಿ. ಮುಗಿಯುವವರೆಗೂ ಗಂಡ ಹೆಂಡತಿ ಸೇರುವುದು ಬೇಡ.

ಕಾಯುವುದು ಬೇಡ ಅನ್ನುವ ಲಕ್ಷಣಗಳನ್ನೂ ಹೇಳಿ ಕಳಿಸಿದರು. ಡೇಟ್ ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದು ಕಡೆ ಜೋರು ನೋವು, ತಲೆ ತಿರುಗುವುದು, ರಕ್ತ ಕಾಣಿಸುವುದು, ಬಿಳಿಯ ಜೊತೆ ಜ್ವರ. ಇವುಗಳಲ್ಲಿ ಯಾವುದೇ ಇದ್ದರೂ ಅವತ್ತೇ, ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆ.

ಸಂಜೆ ಆರೂವರೆಗೆ ಲ್ಯಾಬಿನ ಮೆಸೇಜ್ ಬಂತು. ಬೀಟಾ ಎಚ್‌ಸಿಜಿ 5ಕ್ಕಿಂತ ಕಡಿಮೆ ಇದ್ದರೆ ಬಸಿರಿಲ್ಲ ಅಂತ. ನನ್ನದು 2 ಕೂಡ ಇರಲಿಲ್ಲ. ಯಜಮಾನರು ಜೋರಾಗಿ ಉಸಿರು ಬಿಟ್ಟರು. ನಾನು ನಗಬೇಕಿತ್ತು. ಅಡುಗೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಾ ನಿಂತೆ. ಯಾಕೋ ಕಣ್ಣು ತುಂಬಿತು. ಬೇಡ ಅಂದುಕೊಂಡಿದ್ದೇ ಆಗಲಿಲ್ಲ ಅಂದಾಗಲೂ ಹೀಗೆ ಆಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

21ಕ್ಕೆ ಸ್ವಾಬ್ ರಿಪೋರ್ಟ್ ಬಂತು, ಕ್ಯಾಂಡಿಡಾ, ಡಾಕ್ಟರ್ ಹೇಳಿದ ಫಂಗಸ್ಸೇ. ಅಷ್ಟರಲ್ಲಿ ತುರಿಕೆ ಮುಕ್ಕಾಲು ಪಾಲು ಹೋಗಿತ್ತು. 23ಕ್ಕೆ ಮುಟ್ಟಾಯಿತು, ಹನ್ನೊಂದು ದಿನ ತಡ. ಉಳಿದ ಎರಡು ಮಾತ್ರೆ ಮುಟ್ಟು ನಿಂತ ಮೇಲೆ ಇಟ್ಟುಕೊಳ್ಳಿ ಅಂತ ಡಾಕ್ಟರ್ ಫೋನಿನಲ್ಲಿ ಹೇಳಿದರು.

ನಾನು ನಿರೀಕ್ಷೆಯೇ ಮಾಡದ ಸುದ್ದಿ ಬೇರೆ ಕಡೆಯಿಂದ ಬಂತು. ಡಾಕ್ಟರ್ ಬರೆದುಕೊಟ್ಟಿದ್ದ ಶುಗರ್ ಟೆಸ್ಟ್ ಖಾಲಿ ಹೊಟ್ಟೆಯಲ್ಲಿ 112, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.0. ಸಕ್ಕರೆ ಕಾಯಿಲೆ ಅಲ್ಲ, ಅದರ ಹೊಸ್ತಿಲು. ಮಗಳ ಬಸಿರಿನಲ್ಲಿ ಏಳನೇ ತಿಂಗಳು ಶುಗರ್ ಬಂದಿತ್ತು. ಹೆರಿಗೆಯಾಗಿ ಆರು ವಾರಕ್ಕೆ ಬಂದು ಟೆಸ್ಟ್ ಮಾಡಿಸಿ ಅಂದಿದ್ದರು. ಬಾಣಂತನ, ಮಗು, ಕೆಲಸ, ನಾನು ಹೋಗಲೇ ಇಲ್ಲ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ಈ ಫಂಗಸ್ ಮತ್ತೆ ಮತ್ತೆ ಬರುತ್ತದಂತೆ. ಪದೇ ಪದೇ ಆಗುವವರು ಶುಗರ್ ನೋಡಿಸಿಕೊಳ್ಳಿ. ನನಗೆ ಈಗ ಸಂಜೆ ವಾಕಿಂಗ್, ಮೂರು ತಿಂಗಳಿಗೆ ಮತ್ತೆ ಟೆಸ್ಟ್. ಕಲ್ಲುಸಕ್ಕರೆ ಬಂದ್.

ಖರ್ಚಿನ ಲೆಕ್ಕ ಕೇಳುತ್ತೀರಿ, ಗೊತ್ತು. ಎರಡು ಸ್ಟ್ರಿಪ್ 110, ಸರ್ಕಾರಿ ಚೀಟಿ 10, ಆಟೋ 160, ಡಾಕ್ಟರ್ 400, ಬೀಟಾ ಎಚ್‌ಸಿಜಿ 700, ಸ್ವಾಬ್ 550, ಶುಗರಿನ ಎರಡು ಟೆಸ್ಟ್ 520, ಒಳಗಿಡುವ ಮಾತ್ರೆ 95, ನುಂಗದೇ ಉಳಿದ ಮಾತ್ರೆ 25. ಒಟ್ಟು 2570. ಒಂದೂವರೆ ದಿನದ ಸಂಬಳ ಬೇರೆ.

ಮೊನ್ನೆ ರಾತ್ರಿ ಮಗಳನ್ನು ಮಲಗಿಸಿ ಬಂದಾಗ ಅತ್ತೆ ಅಡುಗೆ ಮನೆಯ ಕಟ್ಟೆ ಒರೆಸುತ್ತಾ ನಿಂತಿದ್ದರು. ಒರೆಸಿದ ಜಾಗವನ್ನೇ ಒರೆಸುತ್ತಿದ್ದರು. ಬಸಿರಿಲ್ಲ ಅಂತ ಗೊತ್ತಾದ ಮೇಲೆ ಅವರು ನನ್ನ ಹತ್ತಿರ ಜಾಸ್ತಿ ಮಾತಾಡಿರಲಿಲ್ಲ. ಬೇಜಾರಾಗಿದೆ ಅಂದುಕೊಂಡಿದ್ದೆ.

“ಆ ಡಾಕ್ಟ್ರು ಬೈಯ್ತಾರೇನಮ್ಮ?” ಅಂದರು.

“ಯಾಕತ್ತೆ?”

“ನಂಗೆ ಮುಟ್ಟು ನಿಂತು ಹತ್ತು ವರ್ಷ ಆಯ್ತು. ಎರಡು ವರ್ಷದಿಂದ ಹೋಗ್ತಿದೆ. ಒಂದೊಂದ್ಸಲ ಕೆಂಪಗೂ ಕಾಣುತ್ತೆ. ಅಕ್ಕಿ ನೀರು ಕುಡೀತಾನೇ ಇದೀನಿ.”

ಅವರ ಬಟ್ಟೆಯನ್ನು ಅವರೇ ಬೇರೆಯಾಗಿ ಒಗೆದು ಹಿತ್ತಲಿನಲ್ಲಿ ಯಾರಿಗೂ ಕಾಣದ ಕಡೆ ಒಣಗಿಸುವುದು ಮಡಿ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು, ಇದನ್ನು ತಂಗಿಗೆ ಫೋನ್ ಮಾಡದೆಯೇ ನನಗೆ ಗೊತ್ತಿತ್ತು. ಅವತ್ತೇ ಮೆಸೇಜ್ ಹಾಕಿದೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್. ಅತ್ತೆಯ ಆಧಾರಿಗೆ ಯಾವ ನಂಬರ್ ಜೋಡಿಸಿದೆಯೋ ನೋಡಬೇಕು.